ಕಾರ್ಡು ಒಂದೇ, ಉತ್ತರ ಮೂರು: ಸಶಸ್ತ್ರ ಪಡೆ ಯಾವುದು ಎಂಬ ಬಗ್ಗೆ ಮುಖ್ಯ ಕಾರ್ಯದರ್ಶಿಗಳಿಗೆ ಒಂದು ಬಹಿರಂಗ ಪತ್ರ

ಕರ್ನಾಟಕ ಸರ್ಕಾರದ ಮಾನ್ಯ ಮುಖ್ಯ ಕಾರ್ಯದರ್ಶಿಗಳಿಗೆ, ಮತ್ತು ಈ ರಾಜ್ಯದ ಕಚೇರಿ, ಬ್ಯಾಂಕು, ಆಸ್ಪತ್ರೆ, ಟೋಲ್ ಗೇಟುಗಳ ಕೌಂಟರಿನ ಆಚೆ ಕುಳಿತಿರುವ ಎಲ್ಲರಿಗೆ,

ನಮಸ್ಕಾರ.

ನಾನು 1988ರಲ್ಲಿ ಗಡಿ ಭದ್ರತಾ ಪಡೆಗೆ ಕಾನ್‌ಸ್ಟೆಬಲ್ ಆಗಿ ಸೇರಿ, ಜೈಸಲ್ಮೇರಿನ ಮರಳಿನಲ್ಲೂ ಮಾಲ್ದಾದ ಹೊಳೆದಂಡೆಯ ಗಡಿಯಲ್ಲೂ ಕಾಶ್ಮೀರದಲ್ಲೂ ಕೆಲಸ ಮಾಡಿ, ಸಬ್ ಇನ್ಸ್‌ಪೆಕ್ಟರ್ ಆಗಿ ನಿವೃತ್ತನಾದವನು. ಈಗ ಹಾಸನ ಜಿಲ್ಲೆಯ ನನ್ನ ಊರಿನಲ್ಲಿ ಒಂದಿಷ್ಟು ಕಾಫಿ, ಒಂದಿಷ್ಟು ಮೆಣಸು ನೋಡಿಕೊಂಡಿದ್ದೇನೆ. ಜೇಬಿನಲ್ಲಿ ಸದಾ ಇರುವ ವಸ್ತು ನನ್ನ ನಿವೃತ್ತ ಸಿಬ್ಬಂದಿಯ ಗುರುತಿನ ಚೀಟಿ. ಅದರ ಮೇಲೆ ಪಡೆಯ ಲಾಂಛನವಿದೆ, ನನ್ನ ಸಂಖ್ಯೆ ಇದೆ, ರಕ್ತದ ಗುಂಪು ಇದೆ, ಬಲ ಹುಬ್ಬಿನ ಮೇಲಿನ ಗಾಯದ ಕಲೆಯ ಉಲ್ಲೇಖವೂ ಇದೆ. ಇಷ್ಟೆಲ್ಲ ಇದ್ದೂ ಈ ಚೀಟಿ ನಾನು ಯಾರು ಎಂಬುದನ್ನು ಹೇಳುವುದಿಲ್ಲ ಎಂದು ನನಗೆ ತಿಳಿದದ್ದು ಕಳೆದ ಚಳಿಗಾಲದಲ್ಲಿ, ಒಂದು ಕಚೇರಿಯ ಕೌಂಟರಿನ ಮುಂದೆ.

ಆ ಕಚೇರಿಯ ಹೆಸರು ಇಲ್ಲಿ ಬೇಡ. ಅಲ್ಲಿದ್ದವರು ಯಾರೂ ನನ್ನೊಡನೆ ಒರಟಾಗಿ ಮಾತನಾಡಲಿಲ್ಲ. ಗೋಡೆಯ ಮೇಲೆ ‘ಸೈನಿಕರು ಮತ್ತು ಮಾಜಿ ಸೈನಿಕರಿಗೆ ಶುಲ್ಕದಲ್ಲಿ ರಿಯಾಯಿತಿ ಇದೆ, ಗುರುತಿನ ಚೀಟಿ ತೋರಿಸಿ’ ಎಂಬ ಫಲಕವಿತ್ತು. ನಾನು ರಿಯಾಯಿತಿ ಕೇಳಿರಲಿಲ್ಲ; ವಿಳಾಸದ ದಾಖಲೆಗೆಂದು ಚೀಟಿಯನ್ನು ಮುಂದಿಟ್ಟಿದ್ದೆ, ಅಷ್ಟೇ. ಕೌಂಟರಿನಲ್ಲಿದ್ದ ಯುವತಿ ಅದನ್ನು ತಿರುಗಿಸಿ ನೋಡಿ, ‘ಸಬ್ ಇನ್ಸ್‌ಪೆಕ್ಟರ್’ ಎಂಬ ಪದದ ಮೇಲೆ ಬೆರಳಿಟ್ಟು, ‘ಯಾವ ಸ್ಟೇಷನ್ನಲ್ಲಿದ್ರಿ ಸಾರ್?’ ಎಂದು ಕೇಳಿದರು. ನಾನು ಗಡಿ ಭದ್ರತಾ ಪಡೆ ಎಂದೆ. ಪಕ್ಕದ ಮೇಜಿನ ಹಿರಿಯರು ತಲೆ ಎತ್ತಿ, ‘ಬಿಎಸ್‌ಎಫ್ ಅಂದ್ರೆ ಆರ್ಮೀನೇ ಕಣಮ್ಮ, ರಿಯಾಯಿತಿ ಹಾಕು’ ಎಂದರು. ಒಳಗಿನ ಕೋಣೆಯಿಂದ ಬಂದ ಅಧಿಕಾರಿ, ‘ಸೈನಿಕ ಕಲ್ಯಾಣ ಇಲಾಖೆಯ ಕಾರ್ಡ್ ಇದ್ಯಾ? ಇಲ್ಲದಿದ್ರೆ ಆಗಲ್ಲ’ ಎಂದರು. ಹತ್ತು ನಿಮಿಷದೊಳಗೆ ನಾನು ಪೊಲೀಸನೂ ಆಗಿ, ಸೈನಿಕನೂ ಆಗಿ, ಕೊನೆಗೆ ಎರಡೂ ಅಲ್ಲದವನಾಗಿ, ಪೂರ್ತಿ ಶುಲ್ಕ ಕಟ್ಟಿ ಹೊರಗೆ ಬಂದೆ. ಆ ಹಣದ ಬಗ್ಗೆ ನನ್ನ ತಕರಾರಿಲ್ಲ. ಒಳಗಿನಿಂದ ಬಂದ ಅಧಿಕಾರಿ ಹೇಳಿದ್ದೇ ಆ ಫಲಕದ ಮಟ್ಟಿಗೆ ಸರಿಯಾದ ಮಾತು ಎಂಬುದೂ ನನಗೆ ಗೊತ್ತು. ಆದರೆ ಆ ಮೂವರಲ್ಲಿ ಯಾರೂ ಕಾನೂನನ್ನು ನೋಡಿ ಉತ್ತರಿಸಲಿಲ್ಲ, ಕಾರ್ಡಿನ ಮುಖ ನೋಡಿ ಉತ್ತರಿಸಿದರು. ಈ ಪತ್ರ ಅದರ ಬಗ್ಗೆ.

ಕನ್ನಡದಲ್ಲಿ ನಾವು ಸೇನೆ, ಸೈನಿಕ, ಯೋಧ, ಜವಾನ, ಸಶಸ್ತ್ರ ಪಡೆ, ಅರೆಸೇನಾ ಪಡೆ ಎಂಬ ಪದಗಳನ್ನು ಒಂದೇ ಚೀಲದಲ್ಲಿ ಹಾಕಿ ಬಳಸುತ್ತೇವೆ. ಮಾತಿನಲ್ಲಿ ಅದರಿಂದ ನಷ್ಟವಿಲ್ಲ. ಆದರೆ ಸರ್ಕಾರಿ ಆದೇಶದಲ್ಲಿ, ಅರ್ಜಿ ನಮೂನೆಯಲ್ಲಿ, ರಿಯಾಯಿತಿಯ ಫಲಕದಲ್ಲಿ ಇವು ಬೇರೆ ಬೇರೆ ಪದಗಳು, ಒಂದೊಂದಕ್ಕೂ ಒಂದೊಂದು ಕಾನೂನಿನ ಬೇರಿದೆ. ಸಂವಿಧಾನದ ಏಳನೆಯ ಅನುಸೂಚಿಯ ಕೇಂದ್ರ ಪಟ್ಟಿಯಲ್ಲಿ 2ನೆಯ ನಮೂದು ನೌಕಾಪಡೆ, ಭೂಸೇನೆ, ವಾಯುಪಡೆಗಳನ್ನು ಹೆಸರಿಸಿ, ಒಂದು ಅರ್ಧವಿರಾಮ ಹಾಕಿ, ಆಮೇಲೆ ‘ಒಕ್ಕೂಟದ ಇತರ ಯಾವುದೇ ಸಶಸ್ತ್ರ ಪಡೆಗಳು’ ಎನ್ನುತ್ತದೆ. ಆ ಅರ್ಧವಿರಾಮದ ಈಚೆಗಿರುವವರು 1950ರ ಸೇನಾ ಕಾಯ್ದೆ, ಅದೇ ವರ್ಷದ ವಾಯುಪಡೆ ಕಾಯ್ದೆ ಮತ್ತು 1957ರ ನೌಕಾಪಡೆ ಕಾಯ್ದೆಗಳಿಗೆ ಒಳಪಟ್ಟು ರಕ್ಷಣಾ ಸಚಿವಾಲಯದಡಿ ದುಡಿಯುವವರು. ಆಚೆಗೆ ನಾವಿದ್ದೇವೆ. ಸಂವಿಧಾನ ಬರೆದವರು ಎರಡು ಕಡೆಯವರನ್ನೂ ಒಂದೇ ನಮೂದಿನಲ್ಲಿ ಇಟ್ಟರು, ಆದರೆ ಒಂದೇ ಹೆಸರಿನಿಂದ ಕರೆಯಲಿಲ್ಲ. ಇಡೀ ಗೊಂದಲ ಆ ಅರ್ಧವಿರಾಮದಲ್ಲೇ ಅಡಗಿದೆ ಎಂದು ನನಗೆ ಅನೇಕ ಸಲ ಅನ್ನಿಸಿದೆ.

ನನ್ನ ಪಡೆಯ ವಿಷಯವನ್ನೇ ನೋಡಿ. 1965ರವರೆಗೆ ಪಾಕಿಸ್ತಾನದ ಗಡಿಯನ್ನು ಆಯಾ ರಾಜ್ಯಗಳ ಪೊಲೀಸ್ ತುಕಡಿಗಳು ಕಾಯುತ್ತಿದ್ದವು. ಆ ವರ್ಷದ ಏಪ್ರಿಲ್ 9ರಂದು ಕಛ್ ರಣದ ಸರ್ದಾರ್ ಪೋಸ್ಟಿನ ಮೇಲೆ ಪಾಕಿಸ್ತಾನದ ಸೇನೆ ಎರಗಿದಾಗ ಎದುರು ನಿಂತದ್ದು ಕೇಂದ್ರ ಮೀಸಲು ಪೊಲೀಸ್ ಪಡೆಯ (ಸಿಆರ್‌ಪಿಎಫ್) ಎರಡನೆಯ ಬೆಟಾಲಿಯನ್ನಿನ ಒಂದು ಸಣ್ಣ ತುಕಡಿ. ಹೀಗೆ ಚದುರಿದ ಪೊಲೀಸ್ ಪಡೆಗಳಿಂದ ಗಡಿ ಕಾಯುವುದು ಸಾಧ್ಯವಿಲ್ಲವೆಂದು ಮನಗಂಡು 1965ರ ಡಿಸೆಂಬರ್ 1ರಂದು ಗಡಿ ಭದ್ರತಾ ಪಡೆಯನ್ನು ಕಟ್ಟಿದರು. 1968ರ ಅದರ ಕಾಯ್ದೆಯ 4ನೆಯ ಕಲಂ ಅದನ್ನು ‘ಒಕ್ಕೂಟದ ಸಶಸ್ತ್ರ ಪಡೆ’ ಎಂದೇ ಕರೆಯಿತು. ಆದರೆ ದರ್ಜೆಗಳ ಹೆಸರುಗಳು ಮಾತ್ರ ಪೊಲೀಸ್ ಇಲಾಖೆಯವು: ಕಾನ್‌ಸ್ಟೆಬಲ್, ಹೆಡ್ ಕಾನ್‌ಸ್ಟೆಬಲ್, ಸಬ್ ಇನ್ಸ್‌ಪೆಕ್ಟರ್. ಹೀಗಾಗಿ ನಮ್ಮದು ಕಾಯ್ದೆಯಲ್ಲಿ ಸಶಸ್ತ್ರ ಪಡೆ, ಎದೆಯ ಮೇಲಿನ ಪಟ್ಟಿಯಲ್ಲಿ ಪೊಲೀಸು. ಆ ಯುವತಿ ನನ್ನನ್ನು ಯಾವ ಠಾಣೆ ಎಂದು ಕೇಳಿದ್ದರಲ್ಲಿ ಅವರ ತಪ್ಪೇನಿದೆ?

ಬೇರೆ ಪಡೆಗಳ ಕಥೆಯೂ ಇದಕ್ಕಿಂತ ತಿಳಿಯಾಗಿಲ್ಲ. ಇಂಡೋ ಟಿಬೆಟನ್ ಗಡಿ ಪೊಲೀಸ್‌ನ ಹೆಸರಿನಲ್ಲೇ ಪೊಲೀಸ್ ಇದೆ. 1992ರ ಅದರ ಕಾಯ್ದೆಯಲ್ಲಿ ಅದು ಒಕ್ಕೂಟದ ಸಶಸ್ತ್ರ ಪಡೆ. ವಿಮಾನ ನಿಲ್ದಾಣದಲ್ಲಿ ನಿಮ್ಮ ಚೀಲ ತಪಾಸಣೆ ಮಾಡುವ ಕೇಂದ್ರ ಕೈಗಾರಿಕಾ ಭದ್ರತಾ ಪಡೆಗೆ (ಸಿಐಎಸ್‌ಎಫ್) ಆ ಪಟ್ಟ ಹುಟ್ಟುವಾಗ ಇರಲಿಲ್ಲ, 1983ರ ತಿದ್ದುಪಡಿಯಿಂದ ಬಂತು. ರೈಲ್ವೆ ರಕ್ಷಣಾ ಪಡೆಗೆ 1985ರಲ್ಲಿ. 1939ರಲ್ಲಿ ನೀಮಚ್‌ನಲ್ಲಿ ಬೇರೆ ಹೆಸರಿನಿಂದ ಹುಟ್ಟಿದ ಕೇಂದ್ರ ಮೀಸಲು ಪೊಲೀಸ್ ಪಡೆಯನ್ನು 1949ರ ಕಾಯ್ದೆ ‘ಕೇಂದ್ರ ಸರ್ಕಾರ ನಿರ್ವಹಿಸುವ ಸಶಸ್ತ್ರ ಪಡೆ’ ಎಂದಿತು. ಅಸ್ಸಾಂ ರೈಫಲ್ಸ್‌ನದು ಇನ್ನೂ ವಿಚಿತ್ರ. 1835ರ ಕಾಚಾರ್ ಲೆವಿಯಿಂದ ಬೆಳೆದ ಆ ಪಡೆಯ ಆಡಳಿತ ಗೃಹ ಸಚಿವಾಲಯದ ಕೈಯಲ್ಲಿ, ಕಾರ್ಯಾಚರಣೆ ಭೂಸೇನೆಯ ಕೈಯಲ್ಲಿ, ಅದನ್ನು ಮುನ್ನಡೆಸುವ ಅಧಿಕಾರಿಗಳು ಹೆಚ್ಚಿನವರು ಸೇನೆಯಿಂದಲೇ ಬಂದವರು. ಇತ್ತ ಕರಾವಳಿ ಕಾವಲು ಪಡೆ ರಕ್ಷಣಾ ಸಚಿವಾಲಯದಡಿಯೇ ಇದ್ದರೂ 1978ರ ತನ್ನದೇ ಕಾಯ್ದೆಯಿಂದ ನಡೆಯುವುದರಿಂದ ಮೂರು ಸೇನೆಗಳಲ್ಲಿ ಒಂದಲ್ಲ. ಮಂಗಳೂರಿನಲ್ಲಿ ಅದರ ಬಿಳಿ ಹಡಗನ್ನು ನೋಡಿ ‘ನೇವಿ’ ಎನ್ನುವವರನ್ನು ಎಷ್ಟು ತಿದ್ದಿದರೂ ಮುಗಿಯುವುದಿಲ್ಲ.

‘ಅರೆಸೇನಾ ಪಡೆ’ ಎಂಬ ಪದಕ್ಕೆ ನಮ್ಮ ಪತ್ರಿಕೆಗಳು ಇನ್ನೂ ಅಂಟಿಕೊಂಡಿವೆ. ಗೃಹ ಸಚಿವಾಲಯ 2011ರ ಮಾರ್ಚ್ 18ರಂದೇ ಐದು ಪಡೆಗಳಿಗೆ ‘ಕೇಂದ್ರ ಸಶಸ್ತ್ರ ಪೊಲೀಸ್ ಪಡೆ’ ಎಂಬ ಒಂದೇ ಹೆಸರನ್ನು ಗೊತ್ತುಮಾಡಿತು. ಸಶಸ್ತ್ರವೂ ಹೌದು, ಪೊಲೀಸೂ ಹೌದು ಎನ್ನುವ ಆ ಹೆಸರು ಜಗಳವನ್ನು ಬಗೆಹರಿಸುವ ಬದಲು ಒಂದೇ ಸಾಲಿನಲ್ಲಿ ಬರೆದಿಟ್ಟಿತು ಎಂಬುದು ನನ್ನ ಅಭಿಪ್ರಾಯ.

ಹಾಗಾದರೆ ಕಾನೂನಿನ ಲೆಕ್ಕದಲ್ಲಿ ನಾವು ಸಶಸ್ತ್ರ ಪಡೆ ಹೌದೋ ಅಲ್ಲವೋ? ಯಾವುದಕ್ಕಾಗಿ ಕೇಳುತ್ತೀರಿ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ. ಮತ ಹಾಕುವಾಗ ಹೌದು: 1950ರ ಜನಪ್ರಾತಿನಿಧ್ಯ ಕಾಯ್ದೆಯಡಿ ಗಡಿಯ ಔಟ್‌ಪೋಸ್ಟಿನಲ್ಲಿ ಕುಳಿತು ನಾನೂ ಸೇವಾ ಮತದಾರನಾಗಿ ಹಾಸನದ ಮತಪತ್ರದ ಮೇಲೆ ಗುರುತು ಹಾಕಿದ್ದೇನೆ. ಪದಕ ಕೊಡುವಾಗ ಹೌದು: ಪರಮವೀರ ಚಕ್ರದ ನಿಯಮಗಳು ಮೂರು ಸೇನೆಗಳ ಜೊತೆಗೆ ಕಾನೂನುಬದ್ಧವಾಗಿ ರಚಿತವಾದ ಇತರ ಸಶಸ್ತ್ರ ಪಡೆಗಳನ್ನೂ ಸೇರಿಸಿಕೊಂಡಿವೆ, 1971ರ ಯುದ್ಧದಲ್ಲಿ ನಮ್ಮ ಪಡೆಯ ಸಹಾಯಕ ಕಮಾಂಡೆಂಟ್ ರಾಮಕೃಷ್ಣ ವಾಧ್ವಾ ಅವರಿಗೆ ಮರಣೋತ್ತರವಾಗಿ ಮಹಾವೀರ ಚಕ್ರ ಬಂತು, 2001ರಲ್ಲಿ ಸಂಸತ್ತಿನ ಗೇಟಿನಲ್ಲಿ ಪ್ರಾಣಕೊಟ್ಟ ಸಿಆರ್‌ಪಿಎಫ್ ಕಾನ್‌ಸ್ಟೆಬಲ್ ಕಮಲೇಶ್ ಕುಮಾರಿ ಅವರಿಗೆ ಅಶೋಕ ಚಕ್ರ ಬಂತು. ತೆರಿಗೆಯಲ್ಲೂ ಹೌದು: 1961ರ ಆದಾಯ ತೆರಿಗೆ ಕಾಯ್ದೆ, ಕಾರ್ಯಾಚರಣೆಯಲ್ಲಿ ಮಡಿದವರ ಕುಟುಂಬ ಪಿಂಚಣಿಗೆ ವಿನಾಯಿತಿ ಕೊಡುವಾಗ ಅರೆಸೇನಾ ಪಡೆಗಳನ್ನು ಸಶಸ್ತ್ರ ಪಡೆಗಳ ಆವರಣದೊಳಗೇ ಬರೆಯಿತು. 1958ರ ಸಶಸ್ತ್ರ ಪಡೆಗಳ ವಿಶೇಷಾಧಿಕಾರ ಕಾಯ್ದೆಯಲ್ಲೂ ನಾವು ಒಳಗಿದ್ದೇವೆ. ಟೋಲ್ ವಿಷಯದಲ್ಲಿ 2008ರ ರಾಷ್ಟ್ರೀಯ ಹೆದ್ದಾರಿ ಶುಲ್ಕ ನಿಯಮಗಳು ಸರ್ಕಾರಿ ಕೆಲಸದ ಮೇಲಿರುವ ಸಮವಸ್ತ್ರಧಾರಿಗಳ ವಾಹನಕ್ಕೆ, ಅವರು ಯಾವ ಸಶಸ್ತ್ರ ಪಡೆಯವರೇ ಆಗಲಿ, ವಿನಾಯಿತಿ ಕೊಡುತ್ತವೆ. ಶೌರ್ಯಪದಕ ಪಡೆದವರನ್ನು ಬಿಟ್ಟರೆ ನಿವೃತ್ತರಿಗೆ, ಅವರು ಭೂಸೇನೆಯವರಾದರೂ ನಮ್ಮವರಾದರೂ, ಕೊಡುವುದಿಲ್ಲ. ಟೋಲ್ ಗೇಟಿನಲ್ಲಿ ಕಾರ್ಡ್ ಬೀಸಿ ಜಗಳವಾಡುವ ನನ್ನ ನಿವೃತ್ತ ಗೆಳೆಯರು ಇದನ್ನು ಒಮ್ಮೆ ಓದುವುದು ಒಳ್ಳೆಯದು.

ಹಕ್ಕನ್ನು ಕಡಿಮೆ ಮಾಡುವಾಗಲಂತೂ ನಾವು ಖಂಡಿತ ಸಶಸ್ತ್ರ ಪಡೆ. ಇದಕ್ಕೆ ನನ್ನ ಮನಸ್ಸಿನಲ್ಲಿ ಉಳಿದಿರುವ ಉದಾಹರಣೆ ನಮ್ಮದಲ್ಲ, ಗಡಿರಸ್ತೆಗಳನ್ನು ಕಟ್ಟುವ ಗ್ರೆಫ್‌ನದು. ನಮ್ಮ ಪಕ್ಕದೂರಿನ ಒಬ್ಬರು ಲಡಾಖಿನಲ್ಲಿ ಆ ಪಡೆಯ ಡೋಜರ್ ಓಡಿಸಿ ಬಂದವರು; ಚಳಿಗೆ ಎಡಗೈಯ ಎರಡು ಬೆರಳಿನ ತುದಿ ಹೋಗಿದೆ. ಗ್ರೆಫ್‌ನ ನೌಕರರು ಸಂಘ ಕಟ್ಟುವ ಹಕ್ಕಿಗಾಗಿ ಹೋರಾಡಿದಾಗ ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು. 1983ರಲ್ಲಿ ನ್ಯಾಯಾಲಯ, ನೀವು ಸಶಸ್ತ್ರ ಪಡೆಗಳ ಅವಿಭಾಜ್ಯ ಅಂಗ, ಆದ್ದರಿಂದ ಸಂವಿಧಾನದ 33ನೆಯ ವಿಧಿಯಡಿ ನಿಮ್ಮ ಮೂಲಭೂತ ಹಕ್ಕುಗಳನ್ನು ಮಿತಗೊಳಿಸಬಹುದು ಎಂದು ತೀರ್ಪು ಕೊಟ್ಟಿತು. ಅವರ ಮೇಲೆ ಸೇನಾ ಕಾಯ್ದೆಯ ಕೆಲವು ಕಲಂಗಳೂ ಅನ್ವಯವಾಗುತ್ತವೆ. ಆದರೆ ನಿವೃತ್ತರಾಗಿ ಊರಿಗೆ ಬಂದ ದಿನ ಅವರು ಮಾಜಿ ಸೈನಿಕರಲ್ಲ. ‘ಯೂನಿಯನ್ ಕಟ್ತೀನಿ ಅಂದಾಗ ಮಿಲಿಟರಿ, ಕ್ಯಾಂಟೀನ್ ಕಾರ್ಡ್ ಕೇಳಿದಾಗ ಸಿವಿಲಿಯನ್’ ಎಂದು ಆ ಮನುಷ್ಯ ಪ್ರತಿಸಲ ಸಂತೆಯಲ್ಲಿ ಸಿಕ್ಕಾಗಲೂ ಹೇಳುತ್ತಾರೆ, ನಗುತ್ತಲೇ.

ಪಿಂಚಣಿಯ ವಿಷಯದಲ್ಲಿ ಇದೇ ಪದ ನ್ಯಾಯಾಲಯದ ಮೆಟ್ಟಿಲೇರಿತು. 2003ರ ಡಿಸೆಂಬರ್ 22ರ ಅಧಿಸೂಚನೆ, 2004ರ ಜನವರಿ 1ರಿಂದ ಕೇಂದ್ರದ ಹೊಸ ನೌಕರರಿಗೆ ಹೊಸ ಪಿಂಚಣಿ ವ್ಯವಸ್ಥೆ ಎಂದು ಸಾರಿ, ಸಶಸ್ತ್ರ ಪಡೆಗಳನ್ನು ಅದರಿಂದ ಹೊರಗಿಟ್ಟಿತು. ಯಾವ ಸಶಸ್ತ್ರ ಪಡೆ ಎಂದು ಅದರಲ್ಲಿ ಬಿಡಿಸಿ ಬರೆದಿರಲಿಲ್ಲ. ನಮ್ಮ ಕಾಯ್ದೆಯಲ್ಲೂ ಅದೇ ಪದವಿದೆಯಲ್ಲ ಎಂದು ಕೇಳಿಕೊಂಡು ಹೋದವರಿಗೆ ದೆಹಲಿ ಹೈಕೋರ್ಟ್ 2023ರ ಜನವರಿ 11ರಂದು ಹೌದು, ಇವರೂ ಒಕ್ಕೂಟದ ಸಶಸ್ತ್ರ ಪಡೆಗಳೇ, ಹಳೆಯ ಪಿಂಚಣಿಗೆ ಅರ್ಹರು ಎಂದಿತು. ಕೇಂದ್ರ ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಗಿ ತಡೆಯಾಜ್ಞೆ ತಂದಿತು. ನಾನು 1988ರವನಾದ್ದರಿಂದ ನನ್ನ ಪಿಂಚಣಿಗೆ ಇದರಿಂದ ಏನೂ ಆಗಬೇಕಾಗಿಲ್ಲ. ಆದರೆ ನನ್ನ ಕೈಕೆಳಗೆ ಬಂದೂಕು ಹಿಡಿಯಲು ಕಲಿತ ಹುಡುಗರು 2004ರ ನಂತರದವರು. ಒಂದೇ ಬಂಕರಿನಲ್ಲಿ ಒಂದೇ ಶತ್ರುವಿನ ಎದುರು ಕುಳಿತ ಇಬ್ಬರ ಮುಪ್ಪು ಬೇರೆ ಬೇರೆಯಾಗುವುದಕ್ಕೆ ಒಂದು ಪದವನ್ನು ಬಿಡಿಸಿ ಬರೆಯದ ಅಧಿಸೂಚನೆ ಕಾರಣವಾಯಿತು ಎಂಬುದನ್ನು, ದಿನವೂ ಆದೇಶಗಳಿಗೆ ಸಹಿ ಹಾಕುವ ತಾವು ನನಗಿಂತ ಚೆನ್ನಾಗಿ ಬಲ್ಲಿರಿ.

ಇಷ್ಟಾದರೂ ನಾನು ‘ಮಾಜಿ ಸೈನಿಕ’ ಎಂಬ ಹೆಸರನ್ನು ಕೇಳುತ್ತಿಲ್ಲ ಎಂಬುದನ್ನು ಸ್ಪಷ್ಟಪಡಿಸಬೇಕು. ಈ ಮಾತಿಗೆ ನನ್ನ ಪಡೆಯ ಕೆಲವು ಗೆಳೆಯರು ಬೇಸರಪಟ್ಟುಕೊಂಡಾರು. 1979ರ ಕೇಂದ್ರ ನಿಯಮಗಳ ಪ್ರಕಾರ ಮಾಜಿ ಸೈನಿಕ ಎಂದರೆ ಭೂಸೇನೆ, ನೌಕಾಪಡೆ, ವಾಯುಪಡೆಗಳಲ್ಲಿ ಸೇವೆ ಸಲ್ಲಿಸಿ, ಗೊತ್ತುಪಡಿಸಿದ ಷರತ್ತುಗಳಂತೆ ಬಿಡುಗಡೆಯಾದವರು. ಅವರಿಗೆ ಸರ್ಕಾರಿ ಹುದ್ದೆಗಳಲ್ಲಿ ಇರುವ ಮೀಸಲಾತಿಗೆ ಒಂದು ಕಾರಣವಿದೆ. ಸೇನೆಯ ಜವಾನನನ್ನು ಮೂವತ್ತೈದು, ನಲವತ್ತರ ವಯಸ್ಸಿನಲ್ಲೇ ಮನೆಗೆ ಕಳಿಸುತ್ತಾರೆ, ಅವನಿಗೆ ಇನ್ನೊಂದು ಕೆಲಸ ಬೇಕೇಬೇಕು. ನಾವು ಹೆಚ್ಚಿನವರು ಅರವತ್ತರ ಆಸುಪಾಸಿನವರೆಗೆ ಕೆಲಸ ಮಾಡಿ ಬರುತ್ತೇವೆ. ಅವರ ಪಾಲಿನ ಹುದ್ದೆಯನ್ನು ನಾವು ಕಿತ್ತುಕೊಳ್ಳುವುದು ನ್ಯಾಯವಲ್ಲ. ಕೇಂದ್ರ ಸರ್ಕಾರ 2012ರ ನವೆಂಬರ್ 23ರಂದು ನಮ್ಮಂಥವರಿಗೆ ‘ಮಾಜಿ ಕೇಂದ್ರ ಸಶಸ್ತ್ರ ಪೊಲೀಸ್ ಪಡೆ ಸಿಬ್ಬಂದಿ’ ಎಂಬ ಬೇರೆಯದೇ ಹೆಸರು ಕೊಟ್ಟು, ಮಾಜಿ ಸೈನಿಕರಿಗೆ ಕೊಡುವ ಸೌಲಭ್ಯಗಳ ಮಾದರಿಯಲ್ಲಿ ಸೂಕ್ತವೆನಿಸಿದ್ದನ್ನು ರಾಜ್ಯಗಳು ಕೊಡಬಹುದು ಎಂದಿತು. ಹೆಸರು ಉದ್ದವಾಯಿತು, ಹೇಳುವಷ್ಟರಲ್ಲಿ ಕೌಂಟರಿನವರ ತಾಳ್ಮೆ ಮುಗಿಯುತ್ತದೆ. ಆದರೂ ಅದು ನಮ್ಮದೇ ಹೆಸರು. ಕೊಡುವುದು, ಬಿಡುವುದು ತಮ್ಮ ಸರ್ಕಾರದ ವಿವೇಚನೆ. ಕೊಡುವುದಾದರೆ ಯಾರಿಗೆ, ಬಿಡುವುದಾದರೆ ಯಾರಿಗೆ ಎಂಬುದನ್ನು ಬರೆದು ಹೇಳಿ ಎಂಬುದಷ್ಟೇ ನನ್ನ ಕೋರಿಕೆ.

ಈ ಗೊಂದಲ ಇನ್ನು ಮುಂದೆ ಹೆಚ್ಚಾಗಲಿದೆ. ಯುವಕರನ್ನು ನಾಲ್ಕು ವರ್ಷಕ್ಕೆಂದು ಸೇನೆಗೆ ಸೇರಿಸಿಕೊಳ್ಳುವ ಅಗ್ನಿಪಥ ಯೋಜನೆ ಪ್ರಕಟವಾದದ್ದು 2022ರ ಜೂನ್ 14ರಂದು. ನಾಲ್ಕು ವರ್ಷ ಮುಗಿದ ಮೇಲೆ ಶೇ. 25ರಷ್ಟು ಮಂದಿಯನ್ನು ಮಾತ್ರ ಉಳಿಸಿಕೊಂಡು ಉಳಿದವರನ್ನು ಕಳಿಸಿಕೊಡುವ ಆ ಯೋಜನೆಯ ಷರತ್ತಿನಲ್ಲೇ, ಹೊರಬರುವ ಅಗ್ನಿವೀರರಿಗೆ ಮಾಜಿ ಸೈನಿಕರ ಸ್ಥಾನಮಾನವಿಲ್ಲ ಎಂದಿದೆ. ಅಂದರೆ ನಿಜವಾಗಿಯೂ ಭೂಸೇನೆಯಲ್ಲೇ ಇದ್ದು, ಸೇನಾ ಕಾಯ್ದೆಗೇ ಒಳಪಟ್ಟು ಬಂದ ಇಪ್ಪತ್ತೈದರ ಹುಡುಗ, ಕಾನೂನಿನ ಕಣ್ಣಿನಲ್ಲಿ ಮಾಜಿ ಸೈನಿಕನಲ್ಲ. ಬೆಳಗಾವಿ, ಧಾರವಾಡ, ಬಾಗಲಕೋಟೆ, ಕೊಡಗುಗಳಿಂದ ಹೋದ ಹುಡುಗರು ತಮ್ಮ ಪ್ರಮಾಣಪತ್ರ ಹಿಡಿದು ಅದೇ ಫಲಕದ ಮುಂದೆ ಬಂದು ನಿಂತಾಗ, ‘ಬಿಎಸ್‌ಎಫ್ ಅಂದ್ರೆ ಆರ್ಮೀನೇ’ ಎಂದ ಆ ಹಿರಿಯರು ಏನು ಹೇಳುತ್ತಾರೋ ನೋಡಬೇಕು.

ಇನ್ನು ಕಾರ್ಡಿನ ಬಗ್ಗೆ. ಸಮವಸ್ತ್ರದವರಿಗೆ ಗುರುತಿನ ಚೀಟಿ ಬಂದದ್ದು ರಿಯಾಯಿತಿಗಾಗಿ ಅಲ್ಲ. 1949ರ ಮೂರನೆಯ ಜಿನೀವಾ ಒಪ್ಪಂದದ 17ನೆಯ ವಿಧಿ, ಯುದ್ಧಕೈದಿಯಾಗಬಹುದಾದ ಪ್ರತಿಯೊಬ್ಬನಿಗೂ ಅವನ ದೇಶ ಹೆಸರು, ದರ್ಜೆ, ಸಂಖ್ಯೆ, ಜನ್ಮದಿನಾಂಕವಿರುವ ಕಾರ್ಡನ್ನು ಕೊಡಬೇಕು ಎನ್ನುತ್ತದೆ. ಸಾಧ್ಯವಾದಷ್ಟೂ ಆರೂವರೆ ಸೆಂಟಿಮೀಟರ್ ಅಗಲ, ಹತ್ತು ಸೆಂಟಿಮೀಟರ್ ಉದ್ದವಿರಬೇಕು ಎಂಬುದನ್ನೂ ಬರೆದಿದೆ. ಹಿಡಿದವರು ಕೇಳಿದಾಗ ಕೈದಿ ಕಾರ್ಡನ್ನು ತೋರಿಸಬೇಕು, ಆದರೆ ಯಾವ ಕಾರಣಕ್ಕೂ ಅದನ್ನು ಅವನಿಂದ ಕಿತ್ತುಕೊಳ್ಳುವಂತಿಲ್ಲ. ಭಾರತ ಈ ಒಪ್ಪಂದಗಳಿಗೆ 1960ರಲ್ಲಿ ಕಾಯ್ದೆಯ ರೂಪ ಕೊಟ್ಟಿತು. ಸೇವೆಯಲ್ಲಿದ್ದಾಗ ನಮಗೆ ಕಾರ್ಡ್ ಎಂದರೆ ರೈಫಲಿನಷ್ಟೇ ಭಾರ. ಕಳೆದುಕೊಂಡರೆ ಠಾಣೆಯಲ್ಲಿ ದೂರು, ಬೆಟಾಲಿಯನ್ನಿನಲ್ಲಿ ವಿಚಾರಣೆ, ಎಲ್ಲಿ ಬಿತ್ತು, ಹೇಗೆ ಬಿತ್ತು ಎಂದು ನೂರು ಪ್ರಶ್ನೆ. ಮಾಲ್ದಾದಲ್ಲಿ ನಮ್ಮ ಹುಡುಗನೊಬ್ಬ ದೋಣಿಯಿಂದ ಬಗ್ಗಿದಾಗ ಜೇಬಿನಿಂದ ಜಾರಿದ ಕಾರ್ಡಿಗಾಗಿ ಇಡೀ ಮಧ್ಯಾಹ್ನ ಸೊಂಟದುದ್ದದ ನೀರಿನಲ್ಲಿ ಕೆಸರು ಜಾಲಾಡಿದ್ದನ್ನು ನಾನು ಕಂಡಿದ್ದೇನೆ. ಸಿಕ್ಕಿತು, ಒಳಗೆ ನೀರು ಹೋಗಿ ಅವನ ಮುಖ ಮಾತ್ರ ಅಳಿಸಿಹೋಗಿತ್ತು.

ಅದು ಬರಿಯ ಕಾಗದವಲ್ಲ ಎಂಬುದಕ್ಕೆ ಹಿಂದಕ್ಕೆ ಹೋಗಬೇಕಾಗಿಲ್ಲ. 2025ರ ಏಪ್ರಿಲ್ 23ರಂದು ಫಿರೋಜ್‌ಪುರದ ಬಳಿ ಸಮವಸ್ತ್ರದಲ್ಲಿ, ಕೈಯಲ್ಲಿ ರೈಫಲಿನೊಂದಿಗೆ ತಪ್ಪಿ ಗಡಿ ದಾಟಿದ ನಮ್ಮ ಪಡೆಯ ಜವಾನನೊಬ್ಬನನ್ನು ಪಾಕಿಸ್ತಾನ ರೇಂಜರ್ಸ್ ಹಿಡಿದರು. ಅವನು ಅಟ್ಟಾರಿಯ ಮೂಲಕ ಮರಳಿದ್ದು ಮೇ 14ರಂದು. ನಡುವಿನ ಆ ಮೂರು ವಾರಗಳಲ್ಲಿ ಎರಡು ದೇಶಗಳ ನಡುವೆ ಏನೇನು ನಡೆಯಿತು ಎಂಬುದನ್ನು ಎಲ್ಲರೂ ನೋಡಿದ್ದೇವೆ. ಅವನ ಮನೆಯವರು ಆಗ ಪ್ರತಿದಿನ ಬೆಳಗ್ಗೆ ಎದ್ದು ಅವನು ಸೈನಿಕನೋ ಪೊಲೀಸನೋ ಎಂಬ ವ್ಯಾಕರಣವನ್ನು ಚರ್ಚಿಸುತ್ತಿರಲಿಲ್ಲ.

ಇಂಥ ಕಾರ್ಡನ್ನು ಇಂದು ಕಚೇರಿಗಳಲ್ಲಿ ಏನು ಮಾಡುತ್ತಾರೆ? ಜೆರಾಕ್ಸ್ ಕೊಡಿ ಎನ್ನುತ್ತಾರೆ, ಎರಡು ಕಡೆಯೂ. ಇಲ್ಲವೇ ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡು ವಾಟ್ಸ್‌ಆ್ಯಪ್‌ನಲ್ಲಿ ಮೇಲಧಿಕಾರಿಗೆ ಕಳಿಸುತ್ತಾರೆ. ‘ನಾಳೆ ಬನ್ನಿ, ಕಾರ್ಡ್ ಇಲ್ಲೇ ಇರಲಿ’ ಎಂದು ಮೇಜಿನ ಡ್ರಾಯರಿಗೆ ಹಾಕಿಕೊಂಡದ್ದೂ ಉಂಟು. ಶತ್ರುದೇಶವೂ ಇಟ್ಟುಕೊಳ್ಳಬಾರದ ಚೀಟಿಯನ್ನು ತಾಲ್ಲೂಕು ಕೇಂದ್ರದ ಡ್ರಾಯರು ಇಟ್ಟುಕೊಂಡದ್ದನ್ನು ನೆನೆದರೆ ನನಗೆ ಈಗ ನಗು ಬರುತ್ತದೆ, ಅವತ್ತು ಬಂದಿರಲಿಲ್ಲ. ಇದರ ಪರಿಣಾಮ ನಗುವಂಥದ್ದಲ್ಲ. ಹಳೆಯ ಸ್ಕೂಟರು, ಬಾಡಿಗೆ ಮನೆ, ಮೇಜು ಕುರ್ಚಿಗಳ ಜಾಹೀರಾತು ಕೊಟ್ಟವರಿಗೆ ‘ನಾನು ಆರ್ಮಿಯಲ್ಲಿದ್ದೇನೆ’, ‘ನಾನು ಸಿಐಎಸ್‌ಎಫ್, ಏರ್‌ಪೋರ್ಟ್ ಡ್ಯೂಟಿ’ ಎಂದು ಫೋನ್ ಮಾಡಿ, ನಂಬಿಕೆಗೆ ಒಂದು ಗುರುತಿನ ಚೀಟಿಯ ಫೋಟೋ ಕಳಿಸಿ, ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿಸಿ ಹಣ ಎಗರಿಸುವ ವಂಚನೆ ಈಗ ಊರೂರಿಗೂ ಗೊತ್ತು. ಆ ಫೋಟೋಗಳಲ್ಲಿ ಕೆಲವು ಕೃತಕ, ಕೆಲವು ನಿಜವಾದ ಯಾರದೋ ಕಾರ್ಡು. ಹಾಗಾಗಿ ಕೌಂಟರಿನವರಿಗೆ ಅನುಮಾನ ಬರುವುದು ಸಹಜ; ಆದರೆ ಅನುಮಾನ ಪರಿಹಾರಕ್ಕೆಂದು ಅವರು ಇನ್ನೊಂದು ಫೋಟೋ ತೆಗೆದಿಟ್ಟುಕೊಂಡರೆ ಮುಂದಿನ ವಂಚಕನಿಗೆ ಸರಕು ಒದಗಿಸಿದಂತೆಯೇ. ಇಲ್ಲಿಯೂ ಆ ಅರ್ಧವಿರಾಮ ಬಿಟ್ಟಿಲ್ಲ: ಸೈನಿಕ, ನಾವಿಕ, ವಾಯುಯೋಧರ ಉಡುಪು ಅಥವಾ ಗುರುತನ್ನು ಧರಿಸಿ ಮೋಸ ಮಾಡುವುದಕ್ಕೆ ಭಾರತೀಯ ನ್ಯಾಯ ಸಂಹಿತೆಯಲ್ಲಿ 168ನೆಯ ಕಲಂ ಪ್ರತ್ಯೇಕವಾಗಿದೆ; ನನ್ನ ಪಡೆಯ ಗುರುತನ್ನು ಕದ್ದು ಮೋಸ ಮಾಡುವವನನ್ನು ಹಿಡಿಯಲು ಸಾರ್ವಜನಿಕ ನೌಕರರಿಗೆ ಸಂಬಂಧಿಸಿದ 205ನೆಯ ಕಲಮಿಗೆ ಹೋಗಬೇಕು. ಕಳ್ಳನಾದರೂ ಸರಿಯಾದ ಕಾರ್ಡನ್ನೇ ಆರಿಸಿಕೊಳ್ಳಬೇಕು ನೋಡಿ.

ನಮ್ಮವರ ತಪ್ಪನ್ನೂ ಹೇಳದೆ ಹೋದರೆ ಈ ಪತ್ರ ಪ್ರಾಮಾಣಿಕವಾಗುವುದಿಲ್ಲ. ಗೃಹ ಸಚಿವಾಲಯದ ಪಡೆಗಳಿಂದ ನಿವೃತ್ತರಾಗಿ ಬಂದು ಕಾರಿನ ಗಾಜಿನ ಮೇಲೆ ದಪ್ಪ ಕೆಂಪು ಅಕ್ಷರದಲ್ಲಿ ‘ಆರ್ಮಿ’ ಎಂದು ಅಂಟಿಸಿಕೊಂಡವರು, ಮನೆಯ ಗೇಟಿನ ಮೇಲೆ ‘ಮಾಜಿ ಸೈನಿಕ’ ಎಂದು ಕೆತ್ತಿಸಿಕೊಂಡವರು ನಮ್ಮಲ್ಲಿ ಬೇಕಾದಷ್ಟು ಇದ್ದಾರೆ. ಕೇಳಿದರೆ, ಜನಕ್ಕೆ ಬಿಎಸ್‌ಎಫ್ ಅಂದರೆ ಅರ್ಥ ಆಗಲ್ಲ ಎನ್ನುತ್ತಾರೆ. ಅರ್ಥವಾಗದಿದ್ದರೆ ಅರ್ಥ ಮಾಡಿಸಬೇಕಲ್ಲದೆ ಇನ್ನೊಬ್ಬರ ಹೆಸರನ್ನು ಹಾಕಿಕೊಳ್ಳಬಾರದು. ಕಾರ್ಗಿಲ್‌ನಲ್ಲಿ ಹೋರಾಡಿದ ಸುಬೇದಾರರೊಬ್ಬರು ಸೈನಿಕ ಕಲ್ಯಾಣ ಕಚೇರಿಯ ಜಗಲಿಯ ಮೇಲೆ ಕುಳಿತು ಇದರ ಬಗ್ಗೆ ನನ್ನನ್ನು ತರಾಟೆಗೆ ತೆಗೆದುಕೊಂಡಾಗ ನನ್ನ ಬಳಿ ಉತ್ತರವಿರಲಿಲ್ಲ.

ಹಾಗೆಂದು ಜನ ನಮ್ಮನ್ನು ಗುರುತಿಸುವುದೇ ಇಲ್ಲ ಎಂದೇನಲ್ಲ. 2019ರ ಫೆಬ್ರವರಿ 14ರಂದು ಪುಲ್ವಾಮಾದಲ್ಲಿ ಸಿಆರ್‌ಪಿಎಫ್‌ನ 40 ಮಂದಿ ಸತ್ತಾಗ, ಅವರಲ್ಲೊಬ್ಬನ ಶವಪೆಟ್ಟಿಗೆ ಮಂಡ್ಯ ಜಿಲ್ಲೆಯ ಗುಡಿಗೆರೆಗೆ ಬಂತು. ಅವತ್ತು ದಾರಿಯುದ್ದಕ್ಕೂ ನಿಂತವರು ಯಾವ ಸಚಿವಾಲಯ ಎಂದು ಕೇಳಲಿಲ್ಲ, ಪತ್ರಿಕೆಗಳು ವೀರಯೋಧ ಎಂದೇ ಬರೆದವು. ಅದಾಗಿ ಹನ್ನೊಂದು ದಿನಕ್ಕೆ, ಫೆಬ್ರವರಿ 25ರಂದು, ದೆಹಲಿಯ ಇಂಡಿಯಾ ಗೇಟಿನ ಬಳಿ ರಾಷ್ಟ್ರೀಯ ಯುದ್ಧ ಸ್ಮಾರಕದ ಉದ್ಘಾಟನೆಯಾಯಿತು. ಅಲ್ಲಿನ ಗೋಡೆಗಳು ಮೂರು ಸೇನೆಗಳವರಿಗೆ. ನಮ್ಮವರಿಗೆ ಚಾಣಕ್ಯಪುರಿಯಲ್ಲಿ 2018ರ ಅಕ್ಟೋಬರ್ 21ರಂದು ತೆರೆದ ರಾಷ್ಟ್ರೀಯ ಪೊಲೀಸ್ ಸ್ಮಾರಕವಿದೆ. 1959ರ ಅದೇ ದಿನ ಲಡಾಖಿನ ಹಾಟ್ ಸ್ಪ್ರಿಂಗ್ಸ್‌ನಲ್ಲಿ ಚೀನೀ ಸೈನಿಕರ ಗುಂಡಿಗೆ ಹತ್ತು ಮಂದಿ ಪೊಲೀಸರು ಬಲಿಯಾಗಿದ್ದರು. ಎರಡು ಗೋಡೆಗಳಿರುವುದರ ಬಗ್ಗೆ ನನ್ನ ಆಕ್ಷೇಪಣೆ ಇಲ್ಲ. ಯಾರ ಹೆಸರು ಯಾವ ಗೋಡೆಯ ಮೇಲೆ ಎಂಬುದು ಅಲ್ಲಿ ಸ್ಪಷ್ಟವಾಗಿದೆ, ಹುಡುಕಿಕೊಂಡು ಹೋದವರಿಗೆ ಸಿಗುತ್ತದೆ. ಸತ್ತವರ ವಿಷಯದಲ್ಲಿ ಇರುವ ಈ ಸ್ಪಷ್ಟತೆಯನ್ನು ಬದುಕಿರುವವರ ಅರ್ಜಿ ನಮೂನೆಗೂ ತನ್ನಿ ಎನ್ನುತ್ತೇನೆ.

ಅದು ಕಷ್ಟದ ಕೆಲಸವಲ್ಲ, ನಮ್ಮ ರಾಜ್ಯದಲ್ಲೇ ಮಾದರಿ ಇದೆ. ಸಿಇಟಿ ಪ್ರವೇಶದ ವಿಶೇಷ ವರ್ಗಗಳಲ್ಲಿ ರಕ್ಷಣಾ ಸಿಬ್ಬಂದಿಯ ಮಕ್ಕಳಿಗೆ ಒಂದು ಹೆಸರು, ಕೇಂದ್ರ ಸಶಸ್ತ್ರ ಪೊಲೀಸ್ ಪಡೆಯವರ ಮಕ್ಕಳಿಗೆ ಇನ್ನೊಂದು ಹೆಸರು ಎಂದು ಬೇರ್ಪಡಿಸಿದ್ದಾರೆ. ನನ್ನ ಮಗಳು ಅರ್ಜಿ ತುಂಬುವಾಗ ಯಾರನ್ನೂ ಕೇಳಬೇಕಾಗಿ ಬರಲಿಲ್ಲ. ಅದೇ ರೀತಿ, ‘ಸೈನಿಕರು’, ‘ರಕ್ಷಣಾ ಸಿಬ್ಬಂದಿ’, ‘ಯೋಧರು’ ಎಂಬ ಪದಗಳಿರುವ ಎಲ್ಲ ಆದೇಶಗಳನ್ನೂ ಇಲಾಖೆಗಳಿಂದ ತರಿಸಿಕೊಂಡು, ಪ್ರತಿಯೊಂದರಲ್ಲೂ ಯಾವ ಕಾಯ್ದೆಯಡಿ ರಚಿತವಾದ ಪಡೆಗಳಿಗೆ ಇದು ಅನ್ವಯ, ಸೇವೆಯಲ್ಲಿರುವವರಿಗೋ ನಿವೃತ್ತರಿಗೋ, ಅಗ್ನಿವೀರರು, ಗ್ರೆಫ್‌ನವರು, ಕರಾವಳಿ ಕಾವಲು ಪಡೆಯವರು ಒಳಗೋ ಹೊರಗೋ ಎಂದು ಒಂದೊಂದು ಸಾಲು ಸೇರಿಸಲು ಸೂಚಿಸಬೇಕೆಂದು ಕೋರುತ್ತೇನೆ. ಗೋಡೆಯ ಮೇಲಿನ ಫಲಕದಲ್ಲಿ ಆ ಸಾಲನ್ನೇ ಬರೆಯಿಸಲಿ. ನಾವು ಹೊರಗೆ ಎಂದಿದ್ದರೆ ಓದಿಕೊಂಡು ಸುಮ್ಮನೆ ಪೂರ್ತಿ ಹಣ ಕಟ್ಟುತ್ತೇವೆ. ಚೀಟಿಯನ್ನು ನೋಡಿ, ಸಂಖ್ಯೆಯನ್ನು ಬರೆದುಕೊಂಡು, ಅನುಮಾನವಿದ್ದರೆ ಕೊಟ್ಟ ಕಚೇರಿಯನ್ನು ವಿಚಾರಿಸಿ, ಅಲ್ಲಿಯೇ ಹಿಂದಿರುಗಿಸಬೇಕು, ಪ್ರತಿ ಇಟ್ಟುಕೊಳ್ಳಬಾರದು ಎಂಬುದೂ ಆದೇಶದಲ್ಲಿರಲಿ. ನಮ್ಮ ಪಡೆಗಳ ಮುಖ್ಯ ಕಚೇರಿಗಳಿಗೆ ನಾನು ಬೇರೆ ಪತ್ರ ಬರೆಯುತ್ತಿದ್ದೇನೆ: ಕಾರ್ಡಿನ ಮೇಲೆ ದರ್ಜೆಯ ಕೆಳಗೆ ಪಡೆಯ ಕಾಯ್ದೆಯ ಹೆಸರನ್ನೂ ವರ್ಷವನ್ನೂ ಅಚ್ಚು ಹಾಕಿಸಿದರೆ, ಸಬ್ ಇನ್ಸ್‌ಪೆಕ್ಟರ್ ಎಂದು ಓದಿದವರು ಮುಂದಿನ ಸಾಲನ್ನೂ ಓದಿಯಾರು.

ಈ ಪತ್ರದೊಂದಿಗೆ ನನ್ನ ಗುರುತಿನ ಚೀಟಿಯ ಪ್ರತಿಯನ್ನು ಲಗತ್ತಿಸಿಲ್ಲ. ತಾವು ನೋಡಬಯಸಿದರೆ ತಿಳಿಸಿ, ವಿಧಾನಸೌಧಕ್ಕೆ ತಂದು ತೋರಿಸಿ, ನನ್ನೊಂದಿಗೇ ವಾಪಸ್ ಒಯ್ಯುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಸಬ್ ಇನ್ಸ್‌ಪೆಕ್ಟರ್, ಗಡಿ ಭದ್ರತಾ ಪಡೆ
ಹಾಸನ ಜಿಲ್ಲೆ